ಇಂಟರ್ವಲ್ ಅಕ್ಕನ ಸೌಟು

ಆ ರಂಗಮಂದಿರಕ್ಕೆ ಹೊಸದಾಗಿ ಬರುವವರು ಕೇಳುವ ಮೊದಲ ಪ್ರಶ್ನೆ ನಾಟಕದ ಬಗ್ಗೆ ಇರುವುದಿಲ್ಲ. "ಇಲ್ಲಿ ಹತ್ರದಲ್ಲಿ ತಿನ್ನೋಕೆ ಏನ್ ಸಿಗುತ್ತೆ?" ಎಂದು ಕೇಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಹೊಟ್ಟೆ ಚುರುಗುಟ್ಟುತ್ತಿರುವಾಗ ಬೇರೆಯವರ ದುಃಖಕ್ಕೆ ಅಳುವುದು ಸುಲಭವಲ್ಲ. ಟಿಕೆಟ್ ಕೊಡುವವನು ಕಿಂಡಿಯೊಳಗಿಂದಲೇ ದಾರಿ ಹೇಳುತ್ತಾನೆ. ಮೂಲೆಯಲ್ಲಿ ದೊಡ್ಡ ಹೋಟೆಲಿದೆ, ಕುರ್ಚಿಗೆ ಮೆತ್ತೆಯೂ ಇದೆ, ಆದರೆ ನೀವು ಹೇಳಿದ್ದು ಮೇಜಿಗೆ ಬರುವಷ್ಟರಲ್ಲಿ ಇಲ್ಲಿ ನಾಯಕ ಸತ್ತು ಅರ್ಧ ಗಂಟೆಯಾಗಿರುತ್ತದೆ. ಎದುರಿನ ಬೇಕರಿಯಲ್ಲಿ ಕೇಕು ಚೆನ್ನಾಗಿದೆ, ಬೇಕರಿಯವನ ಬಾಯಿ ಚೆನ್ನಾಗಿಲ್ಲ. ಹಣ್ಣಿನ ರಸದ ಅಂಗಡಿಯ ಮಿಕ್ಸರ್ ಕೆಟ್ಟು ಮೂರು ತಿಂಗಳಾಯಿತು. ಇಷ್ಟನ್ನೂ ಹೇಳಿ ಮುಗಿಸಿ ಕೊನೆಗೆ ಅವನು, "ಸುಮ್ನೆ ಯಾಕೆ ಅಲೀತೀರಿ, ಹಿಂದಿನ ಓಣಿಗೆ ಹೋಗಿ, ಇಂಟರ್ವಲ್ ಅಕ್ಕನ ಹತ್ರ" ಎನ್ನುತ್ತಾನೆ.

ಅಕ್ಕನ ಅಂಗಡಿ ಅಂದರೆ ನಾಲ್ಕು ಮೇಜು, ಹದಿನಾಲ್ಕು ಕುರ್ಚಿ, ಹಿಂದೆ ಒಂದು ಅಡುಗೆಮನೆ. ಟೀ, ಕಾಫಿ, ಬೆಣ್ಣೆ ಹಚ್ಚಿದ ಬನ್ನು, ಬೇಯಿಸಿದ ಮೊಟ್ಟೆ, ತರಕಾರಿ ಸೂಪು. ಇಷ್ಟು ಬಿಟ್ಟು ಬೇರೇನು ಕೇಳಿದರೂ ಅಕ್ಕ ನಿಮ್ಮನ್ನೇ ವಿಚಾರಿಸಿಕೊಳ್ಳುತ್ತಾಳೆ, "ಮನೇಲಿ ಏನೂ ಮಾಡಿರಲಿಲ್ವಾ?" ಎಂದು. ಅವಳಿಗೆ ಐವತ್ತು ದಾಟಿದೆ. ಆದರೂ ಎಪ್ಪತ್ತರ ಮುದುಕರಿಂದ ಹಿಡಿದು ಎಲ್ಲರಿಗೂ ಅವಳು ಅಕ್ಕನೇ. ಇಪ್ಪತ್ತೆರಡು ವರ್ಷದ ಹಿಂದೆ ಗಂಡ ಶುರು ಮಾಡಿದ ಅಂಗಡಿ ಅದು. ಅವನು ಹೋಗಿ ಒಂಬತ್ತು ವರ್ಷವಾಯಿತು. ಈಗ ಅತ್ತಿಗೆ ನಾದಿನಿ ಇಬ್ಬರೇ ನಡೆಸುತ್ತಾರೆ, ದಿನಕ್ಕೆ ಆರು ಸಲ ಜಗಳವಾಡಿಕೊಂಡು.

ಅಂಗಡಿಯೂ ರಂಗಮಂದಿರವೂ ಒಂದಾನೊಂದು ಕಾಲದಲ್ಲಿ ಒಂದೇ ಉಗ್ರಾಣವಾಗಿದ್ದವು. ನಡುವೆ ಒಂದು ಗೋಡೆ ಎಬ್ಬಿಸಿ ಎರಡು ಮಾಡಿದ್ದಾರೆ. ಗೋಡೆಯ ಈಚೆ ಅಕ್ಕನ ಒಲೆ, ಆಚೆ ರಂಗ. ಸೂರಿನ ಹತ್ತಿರ ಗೋಡೆಯಲ್ಲಿ ಒಂದು ಗವಾಕ್ಷಿ ಹಾಗೇ ಉಳಿದುಬಿಟ್ಟಿದೆ. ಅದರಿಂದ ಟೀಯ ವಾಸನೆ ಆಚೆ ಹೋಗುತ್ತದೆ, ನಾಟಕದ ಮಾತು ಈಚೆ ಬರುತ್ತದೆ.

ಅಕ್ಕನ ಕಸುಬಿನ ಗುಟ್ಟೆಲ್ಲ ಆ ಗವಾಕ್ಷಿಯಲ್ಲಿದೆ. ಇಂಟರ್ವಲ್ ಹದಿನೈದೇ ನಿಮಿಷ. ಎಂಬತ್ತು ಜನ ಒಟ್ಟಿಗೆ ಓಣಿಗೆ ನುಗ್ಗುತ್ತಾರೆ. ಆಮೇಲೆ ಒಲೆ ಹಚ್ಚಿದರೆ ಕೊನೆಯವನಿಗೆ ಟೀ ಸಿಗುವುದು ಮಾರನೆಯ ವಾರ. ಅದಕ್ಕೇ ಅವಳು ಪ್ರತಿ ಹೊಸ ನಾಟಕದ ಮೊದಲ ಪ್ರದರ್ಶನವನ್ನು ಕಿವಿಯಲ್ಲೇ ಅಳೆದು, ಅದರಿಂದ ಮೂರು ಮಾತುಗಳನ್ನು ಆರಿಸಿಟ್ಟುಕೊಳ್ಳುತ್ತಾಳೆ. ಮೊದಲನೆಯ ಮಾತಿಗೆ ದೊಡ್ಡ ಪಾತ್ರೆಯಲ್ಲಿ ನೀರು. ಎರಡನೆಯದಕ್ಕೆ ಪುಡಿ, ಹಾಲು, ಸಕ್ಕರೆ. ಮೂರನೆಯದಕ್ಕೆ ಸೋಸಿ ಲೋಟಕ್ಕೆ ಹುಯ್ಯುವುದು. ಹೋದ ವರ್ಷದ ನಾಟಕದಲ್ಲಿ ವಿಧವೆಯೊಬ್ಬಳು ಎದೆ ಬಡಿದುಕೊಂಡು ಅಳುತ್ತಿದ್ದಳು. ನೋಡುವವರ ಕಣ್ಣಲ್ಲೆಲ್ಲ ನೀರು. ಗೋಡೆಯ ಈಚೆ ಅಕ್ಕ ಅದೇ ಹೊತ್ತಿಗೆ ನಿಶ್ಚಿಂತೆಯಿಂದ ಸಕ್ಕರೆ ಸುರಿಯುತ್ತಿದ್ದಳು. ಪರದೆ ಬಿದ್ದು ಜನ ಹೊರಗೆ ಬಂದರೆ ಹಲಗೆಯ ಮೇಲೆ ಎಂಬತ್ತು ಲೋಟ ಹಬೆಯಾಡುತ್ತಿರುತ್ತಿದ್ದವು.

ಇಷ್ಟಾದರೂ ಅವಳು ಒಂದೇ ಒಂದು ನಾಟಕವನ್ನೂ ಕಣ್ಣಿಂದ ನೋಡಿದವಳಲ್ಲ. ಇಂಟರ್ವಲ್ ತನಕ ಟೀ ಮಾಡಬೇಕು, ಆಮೇಲೆ ಲೋಟ ತೊಳೆಯಬೇಕು. ಇಪ್ಪತ್ತೆರಡು ವರ್ಷದ ರಾಜರು, ಕಳ್ಳರು, ಪ್ರೇಮಿಗಳೆಲ್ಲ ಅವಳಿಗೆ ಬರೀ ದನಿಗಳು. ಅದರ ಬಗ್ಗೆ ಅವಳಿಗೆ ಅಂಥ ಕೊರಗೇನೂ ಇರಲಿಲ್ಲ. ನಾದಿನಿಗಂತೂ ನಾಟಕವೆಂದರೆ ಮೈ ಉರಿ. "ಸುಳ್ಳುಸುಳ್ಳು ಅಳೋದು, ಅದಕ್ಕೆ ಟಿಕೆಟ್ ಬೇರೆ" ಎಂದು ಪ್ರದರ್ಶನದ ದಿನ ಎರಡೂ ಕಿವಿಗೆ ಹತ್ತಿ ತುರುಕಿಕೊಂಡೇ ಬನ್ನಿಗೆ ಬೆಣ್ಣೆ ಹಚ್ಚುತ್ತಿದ್ದಳು.

ದನಿಗಳಲ್ಲೆಲ್ಲ ಅಕ್ಕನಿಗೆ ತೀರ ಬೇಕಾದ ದನಿಯೊಂದಿತ್ತು. ಅದು ಮಹಾರಾಜರದ್ದು. ಹಾಗೆಂದು ಅವರೇನು ಅರಮನೆಯಲ್ಲಿ ಹುಟ್ಟಿದವರಲ್ಲ. ಮೂವತ್ತೈದು ವರ್ಷ ಮನೆಮನೆಗೆ ಹೋಗಿ ನೀರಿನ ಮೀಟರ್ ನೋಡಿ ಬರೆದುಕೊಂಡು ಬರುವ ಕೆಲಸ ಮಾಡಿದವರು. ನಾಯಿಗಳಿಂದ ಓಡಿಸಿಕೊಂಡವರು. ಆದರೆ ಸಂಜೆಯಾದರೆ ತಂಡದ ಎಲ್ಲ ನಾಟಕಗಳಲ್ಲೂ ರಾಜನ ಪಾತ್ರ ಅವರದ್ದೇ, ಯಾಕೆಂದರೆ ಗಂಟಲು ಅಂಥದ್ದು. ಈಗ ಎಪ್ಪತ್ತೆರಡು ವರ್ಷ. ಒಂಟಿ ಜೀವ. ಪ್ರದರ್ಶನದ ದಿನ ಮಧ್ಯಾಹ್ನ ಎರಡಕ್ಕೆ ಬಂದು ಅಡುಗೆಮನೆಯ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಒಂದು ಸೂಪು, ಒಂದು ಬನ್ನು ತಿಂದು, ಬಟ್ಟಲನ್ನು ತಾವೇ ತೊಳೆದಿಟ್ಟು ಹೋಗುತ್ತಿದ್ದರು. "ರಾಜರು ಬಟ್ಟಲು ತೊಳೀಬಾರದು" ಎಂದು ಅಕ್ಕ ಅನ್ನುವುದು, "ರಾಜ್ಯ ಹೋಗಿದೆ ಅಕ್ಕ, ಬಟ್ಟಲಾದ್ರೂ ಇರ್ಲಿ" ಎಂದು ಅವರು ಅನ್ನುವುದು. ಹದಿನೈದು ವರ್ಷದಿಂದ ಇದೇ ಮಾತು, ಇಬ್ಬರಿಗೂ ಬೇಸರವಾಗಿರಲಿಲ್ಲ.

ಆ ಸಲದ ನಾಟಕದಲ್ಲಿ ಅವರದ್ದು ಮುತ್ತಿಗೆಗೆ ಸಿಕ್ಕ ಕೋಟೆಯ ಮುದಿ ರಾಜನ ಪಾತ್ರ. ಆರು ಭಾನುವಾರ ನಾಲ್ಕು ಗಂಟೆಗೆ ಪ್ರದರ್ಶನ. ಮೊದಲು ಒಬ್ಬ ದೂತ ಬಂದು ವೈರಿಗಳು ಹೊಳೆ ದಾಟಿದರೆಂದು ಹೇಳುತ್ತಾನೆ. ಆಗ ರಾಜ ದೊಡ್ಡದೊಂದು ಮಾತಾಡಿ, "ಸೇತುವೆ ಕಾಯುವವನೆಲ್ಲಿ? ಕರೆಯಿರಿ ಅವನನ್ನು" ಎನ್ನುತ್ತಾನೆ. ಎರಡನೆಯ ದೂತ ಬಂದು ಸೇತುವೆ ಬಿತ್ತೆಂದು ಹೇಳುತ್ತಾನೆ. ಅದರ ಮೇಲೆ ಹತ್ತು ನಿಮಿಷ ವಾದವಾಗಿ, ಕೊನೆಗೆ ರಾಜ, "ಬಾಗಿಲು ತೆಗೆಯಿರಿ. ಹಗೆಗಳಾದರೇನು, ಹಸಿದು ಬಂದಿದ್ದಾರೆ" ಎನ್ನುತ್ತಾನೆ. ಈ ಮಾತು ಅಕ್ಕನಿಗೆ ಬಹಳ ಹಿಡಿಸಿತ್ತು. ಅದನ್ನೇ ಪುಡಿ-ಹಾಲಿನ ಮಾತು ಮಾಡಿಕೊಂಡಿದ್ದಳು.

ಮೂರನೆಯ ಭಾನುವಾರ ಅವಳು ಪಾತ್ರೆಯ ಮುಂದೆ ನಿಂತಿದ್ದಾಗ ಆಚೆಯಿಂದ "ಬಾಗಿಲು ತೆಗೆಯಿರಿ" ಎಂದು ಕೇಳಿಸಿತು. ಕೈ ತಾನಾಗಿ ಪುಡಿ ಸುರಿಯಿತು, ಹಾಲು ಹುಯ್ಯಿತು, ಸಕ್ಕರೆ ಹಾಕಿತು. ಸೌಟು ತಿರುವುವಾಗ ತಲೆಗೆ ಹೊಳೆಯಿತು. ಎರಡನೆಯ ದೂತ ಬಂದೇ ಇಲ್ಲ. ಸೇತುವೆ ಬಿದ್ದೇ ಇಲ್ಲ. ಅಷ್ಟರಲ್ಲಿ ಆಚೆ ಮಗನ ಪಾತ್ರದ ಹುಡುಗ ಸಮಯಕ್ಕೆ ಸರಿಯಾಗಿ, "ಅಪ್ಪಾಜಿ, ಸೇತುವೆಯ ಸುದ್ದಿ ಇನ್ನೂ ಬಂದಿಲ್ಲ" ಎಂದು ಸೇರಿಸಿ ಮಾತನ್ನು ಹಿಂದಕ್ಕೆ ಎಳೆದುಕೊಂಡು ಹೋದ. ನೋಡುತ್ತಿದ್ದವರಿಗೆ ಗೊತ್ತಾಗಲಿಲ್ಲ. ನಿರ್ದೇಶಕಿಗೂ ಗೊತ್ತಾಗಲಿಲ್ಲ, ಅವರು ಆ ಹೊತ್ತಿಗೆ ಬೆಳಕಿನ ಕೋಣೆಯಲ್ಲಿ ಸುಟ್ಟ ಬಲ್ಬಿನ ಜೊತೆ ಗುದ್ದಾಡುತ್ತಿದ್ದರು. ಗೊತ್ತಾದದ್ದು ಟೀಗೆ ಮಾತ್ರ. ಹತ್ತು ನಿಮಿಷ ಹೆಚ್ಚು ಕುದಿದು, ಎಂಬತ್ತು ಲೋಟವೂ ಕಷಾಯವಾಗಿ ಕೂತಿತು.

"ಏನಕ್ಕ ಇವತ್ತು?" ಎಂದು ಜನ ಮುಖ ಕಿವುಚಿದರು. "ಕೈ ತಪ್ತು" ಎಂದಳು ಅಕ್ಕ. ನಾದಿನಿ ಕಿವಿಯ ಹತ್ತಿ ತೆಗೆದು ಒಂದು ಗುಟುಕು ಕುಡಿದು, ಮತ್ತೆ ಹತ್ತಿ ಇಟ್ಟುಕೊಂಡಳು.

ನಾಟಕ ಮುಗಿದ ಮೇಲೆ ಮಹಾರಾಜರು ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಉಳಿದಿದ್ದ ಟೀಯನ್ನೇ ಕೊಡಿ ಎಂದು ಕೇಳಿ ಪಡೆದು, ಕೊನೆಯ ಹನಿಯ ತನಕ ಕುಡಿದರು.

"ಕಹಿಯಾಗಿದೆ" ಎಂದರು.

"ನಂದೇ ತಪ್ಪು. ಗಮನ ಎಲ್ಲೋ ಇತ್ತು."

"ಇಪ್ಪತ್ತೆರಡು ವರ್ಷದಲ್ಲಿ ನಿಮ್ಮ ಗಮನ ಎಲ್ಲೂ ಹೋಗಿಲ್ಲ ಅಕ್ಕ." ಅವರು ಲೋಟವನ್ನು ಅಂಗೈಯಲ್ಲಿ ತಿರುಗಿಸುತ್ತ ಕೂತರು. "ಮೊದ್ಲು ಮಾತುಗಳು ತಾವೇ ಬಂದು ಸಾಲಾಗಿ ನಿಲ್ತಿದ್ವು. ಈಗ ನಾನೇ ಹೋಗಿ ಒಂದೊಂದನ್ನೇ ಕರೀಬೇಕು. ಕೆಲವು ಬಾಗಿಲೇ ತೆಗೆಯಲ್ಲ."

ಅಕ್ಕ ಬನ್ನೊಂದಕ್ಕೆ ದಪ್ಪಗೆ ಬೆಣ್ಣೆ ಹಚ್ಚಿ ತಂದಿಟ್ಟಳು.

ಮಂಗಳವಾರ ನಿರ್ದೇಶಕಿ ಬಂದರು. ಮೂವತ್ತೈದರ ಹೆಂಗಸು, ಮಾತು ಕಡಿಮೆ, ಕಣ್ಣು ಚುರುಕು. ಅಕ್ಕನ ಟೀ ನಾಟಕದ ಮಾತು ಕೇಳಿ ಕುದಿಯುತ್ತದೆಂದು ಬಲ್ಲ ಅವರಿಗೆ ಆ ಟೀ ಕೆಟ್ಟದ್ದೇ ಅನುಮಾನ ತಂದಿತ್ತು. "ಅಕ್ಕ, ನೇರವಾಗಿ ಕೇಳ್ತೀನಿ. ಮಹಾರಾಜರು ಮಾತು ಮರೀತಿದ್ದಾರಾ? ತಂಡದಲ್ಲಿ ಯಾರೂ ಬಾಯಿ ಬಿಡಲ್ಲ. ಮಗನ ಪಾತ್ರದ ಹುಡುಗನಿಗೆ ರಾಜನ ಮಾತೆಲ್ಲ ಬರುತ್ತೆ. ಬೇಕಾದ್ರೆ ಈ ಭಾನುವಾರದಿಂದಲೇ ಬದಲಾಯಿಸ್ತೀನಿ. ತುಂಬಿದ ಸಭೆ ಮುಂದೆ ಅವ್ರು ತಡವರಿಸಿ ನಿಲ್ಲೋದನ್ನ ನಂಗೆ ನೋಡೋಕಾಗಲ್ಲ."

ಹೌದು ಎಂದರೆ ಅಲ್ಲಿಗೆ ಮುಗಿಯಿತು. ಮಹಾರಾಜರು ಇನ್ನು ಬರೀ ಮೀಟರಿನವರು. ಅಕ್ಕ ಮೇಜು ಒರೆಸುತ್ತಲೇ, "ಹಾಲು ಬೇಗ ಇಟ್ಟೆ ಮೇಡಂ. ವಯಸ್ಸಾಯ್ತಲ್ಲ, ನನ್ ಕಿವೀನೇ ಸರಿಯಿಲ್ಲ" ಎಂದಳು. ತನ್ನ ಕಿವಿಯ ಬಗ್ಗೆ ಅಂಥ ಮಾತಾಡಿದ್ದು ಅವಳ ಜೀವಮಾನದಲ್ಲಿ ಅದೇ ಮೊದಲು.

ಸುಳ್ಳು ಹೇಳಿದ ಮೇಲೆ ಅದನ್ನು ಸಾಕಬೇಕಲ್ಲ. ಮಾರನೆಯ ದಿನದಿಂದಲೇ ಮಹಾರಾಜರನ್ನು ದಿನಾ ಎರಡು ಗಂಟೆಗೆ ಸೂಪಿಗೆ ಕರೆಸಿಕೊಂಡಳು. ಸೂಪು ಆರುವ ತನಕ ಅವರು ಮಾತು ಒಪ್ಪಿಸಬೇಕು. ದೂತನ ಮಾತನ್ನು ಅವಳು ಹೇಳಬೇಕಿತ್ತು, ಆದರೆ ನಾಚಿಕೆ ಬಿಡಲಿಲ್ಲ. ಮನಸ್ಸಿನೊಳಗೆ ಬಾಯಿಪಾಠವಾಗಿದ್ದದ್ದು ನಾಲಿಗೆಗೆ ಬಂದರೆ ಮುಖ ಕೆಂಪಾಗುತ್ತಿತ್ತು. ಹಾಗಾಗಿ ದೂತನ ಮಾತಿನ ಬದಲು, ರಾಜನ ದೊಡ್ಡ ಮಾತು ಮುಗಿದ ಕೂಡಲೇ ಅವಳು ಸೌಟಿನಿಂದ ಪಾತ್ರೆಯ ಮುಚ್ಚಳಕ್ಕೆ ಮೂರು ಸಲ ಬಡಿಯುತ್ತಿದ್ದಳು. ಟಣ್, ಟಣ್, ಟಣ್. ಮಹಾರಾಜರು ತಲೆ ಎತ್ತಿ, "ಸೇತುವೆ ಕಾಯುವವನೆಲ್ಲಿ? ಕರೆಯಿರಿ ಅವನನ್ನು" ಎನ್ನುತ್ತಿದ್ದರು. ಸದ್ದಾದರೆ ಮಾತು ಬಂದೇ ಬರುತ್ತಿತ್ತು.

"ಆ ಮುಚ್ಚಳ ಏನ್ ಪಾಪ ಮಾಡಿತ್ತು?" ಎಂದಳು ನಾದಿನಿ. "ಅತ್ತಿಗೆ, ಅವ್ರು ಮರೆತ್ರೆ ನಿಂಗೇನು? ನಾಳೆ ನಮ್ ಟೀ ಕೆಟ್ರೆ ಅವ್ರು ಸೈನ್ಯ ತಗೊಂಡ್ ಬರ್ತಾರಾ?"

"ನಿನ್ ಪಾಡಿಗೆ ನೀನು ಬೆಣ್ಣೆ ಹಚ್ಚು."

ನಾಲ್ಕನೆಯ ಭಾನುವಾರ ಎಲ್ಲ ಸುಸೂತ್ರವಾಗಿ ನಡೆಯಿತು. ಅಕ್ಕ ತಾನೇ ಪಾತ್ರ ಮಾಡಿದವಳಂತೆ ಬೆವರಿದ್ದಳು. ಐದನೆಯ ಭಾನುವಾರ, ಮೊದಲ ದೂತ ಹೋಗಿ, ರಾಜನ ದೊಡ್ಡ ಮಾತು ಮುಗಿದು, ಆಚೆಗೆ ಸದ್ದೇ ಇಲ್ಲದಂತಾಯಿತು. ಆ ನಾಟಕದಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಮೌನ ಇದೆಯೆಂದು ಅಕ್ಕನಿಗೆ ಗೊತ್ತಿತ್ತು. ಈ ಜಾಗದಲ್ಲಿ ಮೌನ ಇರಲಿಲ್ಲ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದಳು. ಸಭೆಯಲ್ಲಿ ಯಾರೋ ಕೆಮ್ಮಿದರು. ಹುಡುಗನೂ ಸುಮ್ಮನಿದ್ದ, ಅವನಿಗೂ ಏನೂ ಹೊಳೆದಂತಿರಲಿಲ್ಲ. ಅಕ್ಕ ಸ್ಟೂಲ್ ಎಳೆದು ಹತ್ತಿ, ಮುಚ್ಚಳವನ್ನು ಗವಾಕ್ಷಿಗೆ ಹಿಡಿದು ಸೌಟಿನಿಂದ ಮೂರು ಸಲ ಬಡಿದಳು.

"ಸೇತುವೆ ಕಾಯುವವನೆಲ್ಲಿ?" ಎಂದಿತು ಆಚೆಯ ದನಿ. "ಕರೆಯಿರಿ ಅವನನ್ನು."

ಇಂಟರ್ವಲ್‌ನಲ್ಲಿ ಒಬ್ಬರು ಟೀ ಕುಡಿಯುತ್ತ, ಆ ಗಂಟೆ ಬಾರಿಸಿದ್ದು ಬಹಳ ಪರಿಣಾಮಕಾರಿಯಾಗಿತ್ತು ಎಂದು ಪಕ್ಕದವರಿಗೆ ವಿವರಿಸುತ್ತಿದ್ದರು. ಅಕ್ಕ ಬನ್ನಿನ ತಟ್ಟೆಯ ಹಿಂದೆ ನಗು ಮುಚ್ಚಿಕೊಂಡಳು. ಆದರೆ ನಾಟಕದಲ್ಲಿ ಗಂಟೆಯಿಲ್ಲ ಎನ್ನುವುದು ಗೊತ್ತಿದ್ದವರೂ ಒಬ್ಬರಿದ್ದರಲ್ಲ. ಸೋಮವಾರ ಬೆಳಿಗ್ಗೆ ನಿರ್ದೇಶಕಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಗವಾಕ್ಷಿ ನೋಡಿದರು, ಸ್ಟೂಲ್ ನೋಡಿದರು, ಸೌಟು ನೋಡಿದರು.

"ನಂಗೆ ಸುಳ್ಳು ಹೇಳಿದ್ರಿ."

"ಹೇಳಿದೆ" ಎಂದಳು ಅಕ್ಕ. "ಅವ್ರನ್ನ ಬಿಡಿಸಬೇಡಿ ಮೇಡಂ. ಇನ್ನೊಂದೇ ವಾರ."

"ಬಿಡಿಸಲ್ಲ. ನಿನ್ನೆ ಅವ್ರೇ ಬಂದು ಎಲ್ಲ ಹೇಳಿದ್ರು. ಈ ಭಾನುವಾರ ಆದ್ಮೇಲೆ ಬಣ್ಣ ಹಚ್ಚಲ್ವಂತೆ." ಅವರು ಚೀಲದಿಂದ ಟಿಕೆಟ್ ತೆಗೆದು ಒಲೆಕಟ್ಟೆಯ ಮೇಲಿಟ್ಟರು. "ಮೂರನೇ ಸಾಲು. ನೀವು ಒಳಗೆ ಕೂತು ನೋಡ್ಬೇಕಂತೆ. ಅದೊಂದೇ ಅವ್ರು ಕೇಳಿದ್ದು."

ಅಕ್ಕ ಟಿಕೆಟ್ ಮುಟ್ಟಲಿಲ್ಲ. "ನಾನು ಅಲ್ಲಿ ಕೂತ್ರೆ ಇಲ್ಲಿ ಬಡಿಯೋರು ಯಾರು?"

"ನಾನೂ ಅದನ್ನೇ ಕೇಳ್ದೆ. ಮರೆತ್ರೆ ಮರೆತೆ, ಅಕ್ಕ ಒಂದ್ಸಲ ನೋಡ್ಲಿ ಅಂದ್ರು."

ಆ ವಾರವೆಲ್ಲ ಅಕ್ಕ ಎರಡು ಮನಸ್ಸಿನಲ್ಲಿ ಬೆಂದಳು. ನೋಡಬೇಕೆಂಬ ಆಸೆ ತನ್ನಲ್ಲಿ ಇಷ್ಟಿತ್ತೆಂದು ಅವಳಿಗೇ ಗೊತ್ತಿರಲಿಲ್ಲ. ಹೋಗದಿದ್ದರೆ ಅವರಿಗೆ ನೋವು, ಹೋದರೆ ಅವರಿಗೆ ಅಪಾಯ. ಶನಿವಾರ ನಾದಿನಿಯ ಹತ್ತಿರ ಮೆತ್ತಗೆ, "ನಾಳೆ ಆ ಹೊತ್ತಿಗೆ ಸ್ವಲ್ಪ ಕಿವಿ ಕೊಡ್ತೀಯಾ?" ಎಂದು ಕೇಳಿದಳು. ನಾದಿನಿ ಸಿಡುಕಿದಳು. "ಎಂಬತ್ತು ಲೋಟ ಟೀ ಒಬ್ಳೇ ಮಾಡ್ಬೇಕು. ಗಡಿಯಾರ ನೋಡಿ ಮಾಡ್ತೀನಿ. ನನ್ ಕೆಲಸ ಟೀ, ರಾಜ್ಯ ನೋಡ್ಕೊಳ್ಳೋದಲ್ಲ."

ಭಾನುವಾರ ಅಕ್ಕ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಬಟ್ಟೆ ಉಟ್ಟು ಮೂರನೆಯ ಸಾಲಿನಲ್ಲಿ ಕೂತಳು. ಹೊರಡುವಾಗ ನಾದಿನಿ ಎಂದಿನಂತೆ ಹತ್ತಿ ಹಿಂಜುತ್ತಿದ್ದಳು. ಪರದೆ ಎದ್ದಾಗ ಅಕ್ಕನಿಗೆ ಸ್ವಲ್ಪ ನಿರಾಸೆಯಾಯಿತೆನ್ನದೆ ವಿಧಿಯಿಲ್ಲ. ಕೋಟೆ ತೆಳ್ಳಗಿನ ಹಲಗೆಯದು, ಯಾರಾದರೂ ನಡೆದರೆ ಅಲುಗುತ್ತಿತ್ತು. ಕಿರೀಟಕ್ಕೆ ಗಲ್ಲದ ಕೆಳಗೆ ಎಲಾಸ್ಟಿಕ್ ಇತ್ತು. ಇಪ್ಪತ್ತೆರಡು ವರ್ಷ ದನಿ ಕೇಳಿ ಅವಳು ಕಟ್ಟಿಕೊಂಡಿದ್ದ ರಾಜ ಆರಡಿಯ ಆಳು. ಇಲ್ಲಿ ನೋಡಿದರೆ ತನ್ನ ಸೂಪು ಕುಡಿಯುವ ಅದೇ ಬಡಕಲು ಮನುಷ್ಯ, ದೊಗಲೆ ಅಂಗಿಯೊಳಗೆ. ಅವಳು ಕಣ್ಣು ಮುಚ್ಚಿದಳು. ಆಗ ಎಲ್ಲ ಸರಿಹೋಯಿತು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದರೆ ಆ ದನಿ ಈ ಮನುಷ್ಯನದ್ದೇ ಆಗಿತ್ತು. ಅವರ ಕೈ ನಡುಗುತ್ತಿತ್ತು, ಮತ್ತು ಆ ನಡುಗುವ ಕೈಯನ್ನೇ ಅವರು ರಾಜನಿಗೂ ಕೊಟ್ಟುಬಿಟ್ಟಿದ್ದರು. ಇದು ಒಲೆಯ ಮುಂದೆ ಎಂದೂ ಕೇಳಿಸಿರಲಿಲ್ಲ.

ಮೊದಲ ದೂತ ಬಂದುಹೋದ. ರಾಜ ದೊಡ್ಡ ಮಾತು ಮುಗಿಸಿದ. ನಿಂತ.

ಅಕ್ಕ ಎಣಿಸತೊಡಗಿದಳು. ಒಂದು. ಎರಡು. ಮಹಾರಾಜರ ಕಣ್ಣು ಸಭೆಯ ಮೇಲೆ ಹರಿದಾಡಿ ಮೂರನೆಯ ಸಾಲಿಗೆ ಬಂದು ಅವಳ ಮೇಲೆ ನಿಂತಿತು. ಅದರಲ್ಲಿ ಭಯವಿತ್ತು. ಮೂರು. ನಾಲ್ಕು. ಅವಳ ಬೆರಳು ತಾನಾಗಿ ಕುರ್ಚಿಯ ಕೈಗೆ ಮೂರು ಸಲ ಬಡಿಯಿತು. ಮೆತ್ತೆಯ ಕೈ, ಅವಳಿಗೇ ಕೇಳಿಸಲಿಲ್ಲ. ಬಾಯಿ ಬಿಟ್ಟು ಕೂಗಿಬಿಡಲೇ ಎಂದುಕೊಂಡಳು. ಐದು. ಆರು. ನಾನು ಬರಬಾರದಿತ್ತು, ನೋಡುವ ಆಸೆಗೆ ಅವರ ಮಾನ ಕಳೆದೆ ಎಂದು ಅವಳಿಗೆ ಅಳು ಬಂತು.

ಟಣ್. ಟಣ್. ಟಣ್.

ಹಲಗೆಯ ಕೋಟೆಯ ಹಿಂದೆ, ಮೇಲಿಂದ ಬಂತು ಆ ಸದ್ದು. ಅಕ್ಕ ಬಡಿಯುವುದಕ್ಕಿಂತ ಎರಡು ಪಟ್ಟು ಜೋರಾಗಿತ್ತು. ಮಹಾರಾಜರು ಅಕ್ಕನನ್ನು ನೋಡುತ್ತಿದ್ದವರು ತಟ್ಟನೆ ಗೋಡೆಯ ಕಡೆ ತಿರುಗಿದರು. ಅಕ್ಕ ಇಲ್ಲಿದ್ದರೆ ಅಲ್ಲಿರುವುದು ಯಾರು ಎಂಬ ಬೆರಗು ಅವರ ಮುಖದ ಮೇಲೆ ಸ್ಪಷ್ಟವಾಗಿ ಹಾದುಹೋಯಿತು. ಆಮೇಲೆ ಅವರು ಎದೆ ಸೆಟೆಸಿ, ತಂಡದವರೂ ಹಿಂದೆಂದೂ ಕೇಳಿರದಷ್ಟು ದೊಡ್ಡ ದನಿಯಲ್ಲಿ ಕರೆದರು.

"ಸೇತುವೆ ಕಾಯುವವನೆಲ್ಲಿ? ಕರೆಯಿರಿ ಅವನನ್ನು."

ಮುಂದಿನದೆಲ್ಲ ಹೊಳೆ ಹರಿದಂತೆ ಹರಿಯಿತು. ಪರದೆ ಬಿದ್ದಾಗ ಜನ ಚಪ್ಪಾಳೆ ತಟ್ಟುತ್ತಲೇ ಓಣಿಗೆ ನುಗ್ಗಿದರು. ನುಗ್ಗಿ ನಿಂತರು. ಹಲಗೆಯ ಮೇಲೆ ಎಂಬತ್ತು ಲೋಟ ಬೋರಲು ಬಿದ್ದಿದ್ದವು. ಟೀ ಇರಲಿಲ್ಲ.

ಅಕ್ಕ ಜನರನ್ನು ಸರಿಸಿಕೊಂಡು ಅಡುಗೆಮನೆಗೆ ಓಡಿದಳು. ಒಲೆ ತಣ್ಣಗಿತ್ತು. ದೊಡ್ಡ ಪಾತ್ರೆಯಲ್ಲಿ ಹಾಕಿದ ನೀರು ಹಾಕಿದ ಹಾಗೇ ಇತ್ತು. ನಾದಿನಿ ಸ್ಟೂಲಿನ ಮೇಲೆ ನಿಂತು ಗವಾಕ್ಷಿಗೆ ಕಿವಿಯಾನಿಸಿದ್ದಳು, ಒಂದು ಕೈಯಲ್ಲಿ ಮುಚ್ಚಳ, ಇನ್ನೊಂದರಲ್ಲಿ ಸೌಟು. ಎರಡು ಉಂಡೆ ಹತ್ತಿ ಬೆಣ್ಣೆಯ ಡಬ್ಬಿಯ ಪಕ್ಕದಲ್ಲಿ ಬಿದ್ದಿದ್ದವು.

"ಒಲೆ ಹಚ್ಚೋದೇ ಮರೆತೆ ಅತ್ತಿಗೆ" ಎಂದಳು ನಾದಿನಿ. "ಕೆಳಗಿಳಿದ್ರೆ ಎಲ್ಲಿ ಆ ಜಾಗ ತಪ್ಪಿಹೋಗುತ್ತೋ ಅಂತ ಮೊದಲಿಂದ ಇಲ್ಲೇ ನಿಂತಿದ್ದೆ, ಆಮೇಲೂ ಇಳಿಯೋಕಾಗ್ಲಿಲ್ಲ. ಅಜ್ಜ ಹೇಳಿದ್ರಲ್ವಾ? ಕೇಳಿಸ್ತು ನಂಗೆ. ಹೇಳಿದ್ರು."

"ಹೇಳಿದ್ರು" ಎಂದಳು ಅಕ್ಕ. ಒಳ್ಳೆಯ ಬಟ್ಟೆಯ ಸೆರಗಿನಲ್ಲೇ ಮುಖ ಒರೆಸಿಕೊಂಡು ಒಲೆ ಹಚ್ಚಿದಳು.

ಬಾಗಿಲಲ್ಲಿ ಮಹಾರಾಜರು ನಿಂತಿದ್ದರು, ಕಿರೀಟದ ಸಮೇತ. ಅವರ ಹಿಂದೆ ನಿರ್ದೇಶಕಿ ಗಡಿಯಾರ ನೋಡಿಕೊಳ್ಳುತ್ತ, "ಈಗ ನೀರಿಟ್ರೆ ಎರಡನೇ ಭಾಗ ಇಪ್ಪತ್ತು ನಿಮಿಷ ತಡ ಆಗುತ್ತೆ" ಎಂದರು.

"ಆಗ್ಲಿ" ಎಂದರು ಮಹಾರಾಜರು. ಒಳಗೆ ಬಂದು ಸ್ಟೂಲಿನ ಕಡೆಗೆ ಕೈ ಚಾಚಿದರು. "ನನ್ನ ದೂತ ಇನ್ನೂ ಟೀ ಕುಡಿದಿಲ್ಲ."

ನಾದಿನಿ ಸೌಟನ್ನು ಅತ್ತಿಗೆಗೆ ಕೊಟ್ಟು, ರಾಜನ ಕೈ ಹಿಡಿದು ಕೆಳಗಿಳಿದಳು.